ಸುಮಿತ್ರವ್ವನ ಹೆಗಲ ಮೇಲಿನ ಬಂದೂಕು

ಚನ್ನಬಸವಣ್ಣ ಓಣಿಯ ತಿರುವಿನಲ್ಲಿ ಬರುತ್ತಿದ್ದರೆ ಮೊದಲು ಬಂದೂಕಿನ ನಳಿಗೆ ಕಾಣುತ್ತಿತ್ತು, ಆಮೇಲೆ ಅವನ ರುಮಾಲು. ಚಹಾದಂಗಡಿಗೆ ಹೋದರೂ ಹೆಗಲಲ್ಲಿ ಬಂದೂಕು, ಪಂಚಾಯ್ತಿಗೆ ಹೋದರೂ ಬಂದೂಕು. ಸಾವಿನ ಮನೆಗೆ ಹೋಗುವಾಗ ಮಾತ್ರ ಅದನ್ನು ಪಡಸಾಲೆಯ ಮೂಲೆಗೆ ಆನಿಸಿಟ್ಟು ಹೋಗುತ್ತಿದ್ದ. ಡಂಬಳದಾಚೆ, ಕಪ್ಪತಗುಡ್ಡದ ಬುಡದಲ್ಲಿದ್ದ ಆ ಸಣ್ಣ ಊರಿಗೆ ಲೈಸೆನ್ಸ್ ಇದ್ದ ಬಂದೂಕು ಅದೊಂದೇ. ಬೆಳೆ ಕಾಯಲೆಂದು ಅವನ ತಂದೆಯ ಕಾಲದಲ್ಲಿ ಸಿಕ್ಕಿದ್ದು. ಲೈಸೆನ್ಸನ್ನು ಹೊಸದು ಮಾಡಿಸಲು ಮೊದಲು ಧಾರವಾಡದ ತನಕ ಅಲೆಯುತ್ತಿದ್ದವನು, ಗದಗ ಬೇರೆ ಜಿಲ್ಲೆಯಾದ ಮೇಲೆ "ಡಿ.ಸಿ. ಸಾಹೇಬ್ರು ಈಗ ನಮ್ಮ ಮನಿ ಮುಂದ ಬಂದು ಕುಂತಾರ" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಗುಡ್ಡದಿಂದ ಹಂದಿಗಳು ಇಳಿದರೆ ಅವನು ಆಕಾಶಕ್ಕೆ ಒಂದು ಬಾರು ಹಾರಿಸುತ್ತಿದ್ದ. ಊರಲ್ಲಿ ಮದುವೆಯಾದರೂ ಹಾರಿಸುತ್ತಿದ್ದ. ಮೆರವಣಿಗೆ ಊರಬಾಗಿಲಾದ ಅಗಸಿಗೆ ಬಂತೆಂದರೆ ಹಲಗಿಯವರು ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಬೇಕು, ಅವನು ನಳಿಗೆ ಎತ್ತಬೇಕು, ಢಂ ಎನ್ನಬೇಕು, ಜನ ಸಿಳ್ಳೆ ಹಾಕಬೇಕು. ಬಾರು ಹಾರದ ಮದುವೆಯನ್ನು ಊರವರು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಅವನ ಹೆಂಡತಿ ಸುಮಿತ್ರವ್ವ ಮದುವೆಯಾಗಿ ಬಂದಾಗಿನಿಂದ ಆ ಬಂದೂಕಿನ ಸುತ್ತ ಕಸ ಹೊಡೆದಿದ್ದಳು, ಒಮ್ಮೆಯೂ ಮುಟ್ಟಿರಲಿಲ್ಲ. "ಅದು ಹೆಂಗಸರ ಕೈಗಲ್ಲ" ಎಂದು ಗಂಡ ಹೇಳಿದ್ದ. ಅವಳಿಗೂ ಮುಟ್ಟುವ ಆಸೆ ಇರಲಿಲ್ಲ. ಮಕ್ಕಳಿಲ್ಲದ ಮನೆಯಲ್ಲಿ ಮೈದುನ ಸಂಗಪ್ಪನ ಮಕ್ಕಳಾದ ವೀರು, ಸುಶ್ಮಿತಾ ಆಡಿ ಬೆಳೆದಿದ್ದರು. ಅವರು ಚಿಕ್ಕವರಿದ್ದಾಗ ಅವಳು ಆ ಮೂಲೆಗೆ ಅಡ್ಡವಾಗಿ ಜೋಳದ ಚೀಲ ಒಟ್ಟುತ್ತಿದ್ದಳು.

ಒಂದು ಬೇಸಿಗೆ ಚನ್ನಬಸವಣ್ಣ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಕುಳಿತ, ಏಳಲಿಲ್ಲ. ಕಾಯ್ದೆಯಂತೆ ಬಂದೂಕು ಮುಂಡರಗಿ ಪೊಲೀಸ್ ಠಾಣೆಗೆ ಹೋಯಿತು.

ದುಃಖದ ದಿನಗಳು ಕಳೆದ ಮೇಲೆ ಸಂಗಪ್ಪ ಬಂದು ಕುಳಿತ. ಹಿಂದೆ ವೀರು. ವೀರು ಆಗ ಕಾಲೇಜು ಬಿಟ್ಟು ಟ್ರ್ಯಾಕ್ಟರ್ ಹೊಡೆಯುತ್ತಿದ್ದ. ಮೀಸೆ ಹುರಿ ಮಾಡುವ ವಯಸ್ಸು.

"ಅತ್ತಿಗಿ, ಬಂದೂಕು ಠಾಣೇದಾಗ ಬಿದ್ದೈತಿ. ಅಣ್ಣನ ಹೆಸರು ಉಳೀಬೇಕಂದ್ರ ಅದು ಮನ್ಯಾಗ ಇರಬೇಕು. ವಾರಸುದಾರರು ನೀವು. ನೀವು ಹೂಂ ಅಂದ್ರ ವೀರೂನ ಹೆಸರಿಗೆ ಮಾಡಸ್ತೀನಿ."

"ದೊಡ್ಡವ್ವ, ಇಲ್ಲಿ ನೋಡ ಬೇ," ಎಂದು ವೀರು ಫೋನು ಚಾಚಿದ. ದೊಡ್ಡಪ್ಪ ಬದುಕಿದ್ದಾಗ ಮಾಡಿಕೊಂಡಿದ್ದ ವಿಡಿಯೊ. ಕಪ್ಪು ಕನ್ನಡಕ, ಹಿಂದೆ ಢೋಲಿನ ಸದ್ದು. ವೀರು ಬಂದೂಕನ್ನು ನಿಧಾನವಾಗಿ ಎತ್ತಿ ನೋಡುವವರ ಕಣ್ಣಿಗೇ ಗುರಿ ಹಿಡಿಯುತ್ತಾನೆ. ಸುಮಿತ್ರವ್ವ ಫೋನನ್ನು ಹತ್ತಿರ ಹಿಡಿದು ನೋಡಿದಳು. ನಳಿಗೆಯ ದುಂಡನೆಯ ಬಾಯಿ ಅವಳನ್ನೇ ನೋಡುತ್ತಿತ್ತು. ಅಷ್ಟು ವರ್ಷ ಮನೆಯಲ್ಲಿದ್ದ ವಸ್ತುವನ್ನು ಅವಳು ಆ ದಿಕ್ಕಿನಿಂದ ಎಂದೂ ನೋಡಿರಲಿಲ್ಲ.

"ಇದನ್ನ ಎಷ್ಟು ಮಂದಿ ನೋಡ್ಯಾರೋ?"

"ಭಾಳ ಮಂದಿ! ಎಲ್ಲಾರೂ ಶಬ್ಬಾಶ್ ಅಂದಾರ."

ಅವಳು ಫೋನು ವಾಪಸು ಕೊಟ್ಟಳು. "ಸಂಗಪ್ಪ, ಬಂದೂಕು ನನ್ನ ಹೆಸರಿಗೆ ಆಗ್ಲಿ. ನಾನ ಕಲೀತೀನಿ, ನಾನ ಇಟ್ಕೋತೀನಿ."

ಸಂಗಪ್ಪ ನಕ್ಕ. ಅವಳು ನಗಲಿಲ್ಲವೆಂದು ಕಂಡು ಅವನೂ ನಿಲ್ಲಿಸಿದ.

ಈ ಮಾತನ್ನು ಅವಳು ಅದೇ ಸಂಜೆ ಬಾನುಬಿಗೆ ಹೇಳಿದಳು. ಬಾನುಬಿಯ ಶೇಂಗಾ ಹೊಲ ಸುಮಿತ್ರವ್ವನ ಗೋವಿನಜೋಳದ ಹೊಲಕ್ಕೆ ಹತ್ತಿಕೊಂಡೇ ಇತ್ತು. ಬದುವಿನ ಮೇಲೆ ಕುಳಿತು ಇಬ್ಬರೂ ಬುತ್ತಿ ಬಿಚ್ಚುವ ರೂಢಿ ಹಳೆಯದು.

"ಠಾಣೇದಾಗ ಬಿದ್ದಿರ್ಲಿ ಬಿಡ ಸುಮಿತ್ರಕ್ಕ. ಪೀಡಾ ಹೋತು ಅನ್ನು."

"ನಾ ಬಿಟ್ರ ಇವತ್ತಲ್ಲ ನಾಳೆ ಆ ಹುಡುಗ ತರ್ತಾನ. ಹಂದಿ ಬ್ಯಾರೆ ಅದಾವ. ನಿನ್ನ ಶೇಂಗಾನೂ ಉಳೀಬೇಕಲ್ಲ?"

ಬಾನುಬಿ ರೊಟ್ಟಿ ಮುರಿದು ಅರ್ಧ ಅವಳ ಕೈಗಿಟ್ಟಳು. ಮುಂದೆ ಪೊಲೀಸಿನವರು ವಿಚಾರಣೆಗೆ ಬಂದು, "ಈಕೆ ಬಂದೂಕು ಇಟ್ಟುಕೊಳ್ಳಲು ನಿಮ್ಮದೇನಾದರೂ ತಕರಾರಿದೆಯೇ?" ಎಂದು ಅಕ್ಕಪಕ್ಕದವರನ್ನು ಕೇಳಿದಾಗ ಬಾನುಬಿ ಹೇಳಿದ್ದು ಇಷ್ಟು: "ಬಂದೂಕಿನ ಬಗ್ಗೆ ನಂದು ತಕರಾರೈತ್ರಿ. ಆಕಿ ಬಗ್ಗೆ ಇಲ್ಲ."

ಲೈಸೆನ್ಸಿಗೆ ಮೊದಲು ತರಬೇತಿ ಬೇಕಿತ್ತು. ಗದಗದ ಪೊಲೀಸ್ ಮೈದಾನದಲ್ಲಿ ನಾಗರಿಕರಿಗೆ ಬಂದೂಕು ಕಲಿಸುವ ಶಿಬಿರ ನಡೆಯಿತು. ಸುಮಿತ್ರವ್ವ ಬಾನುಬಿಯನ್ನು ಜೊತೆಗೆ ಕರೆದುಕೊಂಡು ಬಸ್ ಹತ್ತಿದಳು.

"ಗದಗಕ್ಕ ಏನ್ ಕೆಲಸ ಇಟ್ಟೀರಿ ಯವ್ವಾರ?" ಕಂಡಕ್ಟರ್ ಟಿಕೆಟ್ ಹರಿಯುತ್ತ ಕೇಳಿದ.

"ಬಂದೂಕು ಹೊಡ್ಯಾಕ ಕಲ್ಯಾಕ ಹೊಂಟೀವಿ."

"ನಾ ಅಲ್ಲ, ಈಕಿ ಒಬ್ಬಾಕಿ," ಎಂದು ಬಾನುಬಿ ಅವಸರದಲ್ಲಿ ತಿದ್ದಿದಳು. ಮುಂದಿನ ಸೀಟಿನವರೆಲ್ಲ ತಿರುಗಿ ನೋಡಿದರು. ಒಬ್ಬ ಮುದುಕ, "ಯಾರನ್ನ ಹೊಡೀತಿ ತಂಗಿ?" ಎಂದು ಕಳಕಳಿಯಿಂದಲೇ ಕೇಳಿದ.

ಕಲಿಸುವವನು ಅಝೀಮ ಎಂಬ ಹವಾಲ್ದಾರ. ತೆಳ್ಳನೆಯ ಮನುಷ್ಯ, ಮಾತು ಮೆಲ್ಲಗೆ. ಶಿಬಿರದಲ್ಲಿ ಬೆಟಗೇರಿಯ ಅಂಗಡಿಕಾರರಿದ್ದರು, ಹುಲಕೋಟಿಯ ರೈತರಿದ್ದರು, ಸುಮ್ಮನೆ ಹವ್ಯಾಸಕ್ಕೆ ಬಂದವರೂ ಇದ್ದರು. ಮೊದಲ ದಿನ ಗುಂಡು ಹಾರಿಸಬಹುದೆಂದು ಎಲ್ಲರೂ ಕಾದಿದ್ದರು. ಅಝೀಮ ಗುಂಡಿನ ಸುದ್ದಿಯನ್ನೇ ಎತ್ತಲಿಲ್ಲ.

"ಬಂದೂಕು ಖಾಲಿ ಐತಿ ಅಂತ ಯಾರ ಹೇಳಿದ್ರೂ ನಂಬಬ್ಯಾಡ್ರಿ," ಎಂದ. "ನಾ ಹೇಳಿದ್ರೂ ನಂಬಬ್ಯಾಡ್ರಿ. ನೀವ ನಳಿಗಿ ಬಗ್ಗಿಸಿ ಮುರುದು ಒಳಗ ನೋಡ್ರಿ. ಮನ್ಯಾಗ ಬಂದೂಕು ಬ್ಯಾರೆ ಇಡ್ರಿ, ಗುಂಡಿನ ತೋಟಾ ಬ್ಯಾರೆ ಇಡ್ರಿ, ಎರಡಕ್ಕೂ ಕೀಲಿ ಹಾಕ್ರಿ."

ಸುಮಿತ್ರವ್ವ ಕೈ ಎತ್ತಿದಳು. "ಸಾಹೇಬ್ರ, ನಮ್ಮ ಮನ್ಯಾಗ ತೋಟಾ ಅದರಾಗ ಇರ್ತಿತ್ತು. ನಮ್ಮ ಮನಿಯವರು ಯಾವಾಗ ಬೇಕಾದ್ರೂ ತಗದು ಹಾರಿಸಿಬಿಡ್ತಿದ್ರು."

"ಎಲ್ಲಿ ಇಡ್ತಿದ್ರಿ ಅಕ್ಕಾರ?"

"ಪಡಸಾಲ್ಯಾಗ. ನಾ ಅದರ ಸುತ್ತ ಕಸ ಹೊಡೀತಿದ್ದೆ. ಹುಡುಗ್ರು ಅಲ್ಲೇ ಆಡ್ತಿದ್ವು." ಹೇಳುತ್ತ ಹೇಳುತ್ತ ಅವಳ ದನಿ ಇಳಿಯಿತು. ಹಾಗೆ ಹೇಳುವ ತನಕ ಅವಳೂ ಅದನ್ನು ಕೂಡಿಸಿ ಯೋಚಿಸಿರಲಿಲ್ಲ.

ಯಾರೂ ನಗಲಿಲ್ಲ. ಅಝೀಮ "ದೇವ್ರು ದೊಡ್ಡಾಂವ," ಎಂದು ಪಾಠ ಮುಂದುವರಿಸಿದ. ರಸ್ತೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಬಂದೂಕಿಗೆ ಗಲೀಫು, ಅಂದರೆ ಬಟ್ಟೆಯ ಹೊದಿಕೆ, ಹಾಕಿಯೇ ಒಯ್ಯಬೇಕು, ತೋರಿಸಿಕೊಂಡು ತಿರುಗುವಂತಿಲ್ಲ ಎಂದ. ಮದುವೆ, ಮೆರವಣಿಗೆಯಲ್ಲಿ ಹಾರಿಸುವುದಂತೂ ಅಪರಾಧ ಎಂದ. ಅಂಗಡಿಕಾರರಲ್ಲೊಬ್ಬ, "ಮಂದಿಗೆ ಕಾಣಲಿಲ್ಲಂದ್ರ ಬಂದೂಕು ಇದ್ದೇನ್ ಉಪಯೋಗ್ರಿ?" ಎಂದು ಕೇಳಿದ. "ಇದ ಪ್ರಶ್ನೆ ಎಲ್ಲಾರೂ ಕೇಳ್ತಾರ್ರಿ," ಎಂದು ಅಝೀಮ ನಕ್ಕ, ಬೇರೆ ಉತ್ತರ ಕೊಡಲಿಲ್ಲ.

ಗುಂಡು ಹಾರಿಸುವ ದಿನ ಬಂದಾಗ ಸುಮಿತ್ರವ್ವನ ಮೊದಲ ಗುಂಡು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಹಿಡಿಕೆ ಭುಜಕ್ಕೆ ಗುದ್ದಿದ್ದು ಮಾತ್ರ ತಿಳಿಯಿತು. ಕೊನೆಯ ದಿನಕ್ಕೆ ಗುರಿಯ ಹಲಗೆಯ ಅಂಚಿಗೆ ಒಂದೆರಡು ತಾಗಿದವು. ಬಾನುಬಿ ಅವಳ ಭುಜಕ್ಕೆ ಅರಿಸಿನ ಕಾಸಿ ಹಚ್ಚುತ್ತ, "ಹಂದಿ ಪುಣ್ಯಾ ಮಾಡ್ಯಾವ," ಎಂದಳು.

ಮಳೆಗಾಲದ ಹೊತ್ತಿಗೆ ಬಂದೂಕು ಅವಳ ಹೆಸರಿಗಾಯಿತು. ಮುಂಡರಗಿ ಠಾಣೆಯಿಂದ ಬಿಡಿಸಿಕೊಂಡು ಬರಲು ಬಾನುಬಿಯೂ ಜೊತೆಗೆ ಹೋದಳು. ಹಳೆಯ ಜಮಖಾನದ ತುಂಡಿನಿಂದ ಬಾನುಬಿಯೇ ಗಲೀಫು ಹೊಲಿದುಕೊಟ್ಟಿದ್ದಳು. ಬಸ್ ಅಗಸಿಯ ಮುಂದೆ ಇಳಿಸಿತು. ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು.

"ಏನು ಹೊತ್ಗೊಂಡು ಬಂದೀರಿ ಯವ್ವಾ, ಹಾರ್ಮೋನಿಯಂ ಏನು?" ಎಂದು ಒಬ್ಬ ಕೂಗಿದ. ಕಟ್ಟೆಯೆಲ್ಲ ನಕ್ಕಿತು. "ಚನ್ನಬಸಣ್ಣನ ಬಂದೂಕಿಗೆ ಕುಪ್ಪಸ ತೊಡಿಸ್ಯಾರಲೇ!" ಎಂದು ಇನ್ನೊಬ್ಬ.

ಸುಮಿತ್ರವ್ವನಿಗೆ ಸಿಟ್ಟು ನೆತ್ತಿಗೇರಿತು. ಅಝೀಮ ಹೇಳಿದ್ದು ಗೊತ್ತಿದ್ದೂ ಅವಳು ಗಲೀಫಿನ ದಾರ ಬಿಚ್ಚಿ, ಅದನ್ನು ಬಾನುಬಿಯ ಕೈಗೆ ಕೊಟ್ಟು, ಬಂದೂಕನ್ನು ಗಂಡನಂತೆಯೇ ಹೆಗಲಿಗೇರಿಸಿದಳು.

ನಗು ನಿಂತಿತು. ಕಟ್ಟೆಯ ಅಂಚಿನಲ್ಲಿದ್ದವರು ಕಾಲು ಇಳಿಬಿಟ್ಟು ಎದ್ದು ನಿಂತರು. "ಬರ್ರಿ ಯವ್ವಾರ, ಹಾದಿ ಬಿಡ್ರಲೇ," ಎಂದಿತು ಅದೇ ಹಾರ್ಮೋನಿಯಂ ದನಿ. ಅವಳು ನಡೆದಳು. ಹೊಸ ಸೊಸೆಯಾಗಿ ಬಂದಾಗ ತಲೆ ತಗ್ಗಿಸಿ ನಡೆದ ಓಣಿ, ವಿಧವೆಯಾದ ಮೇಲೆ ಗೋಡೆಯ ಬದಿಗೆ ನಡೆದ ಓಣಿ. ಇಂದು ನಟ್ಟನಡುವೆ ನಡೆದಳು. ಬಾಗಿಲುಗಳಲ್ಲಿ ಜನ ನಿಂತು ಕೈಮುಗಿದರು. ಅವಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಒಳ್ಳೆಯದೆನಿಸಿತು. ಬಹಳ ಒಳ್ಳೆಯದೆನಿಸಿತು.

ಮನೆಯ ಬಾಗಿಲಲ್ಲಿ ತಿರುಗಿ ನೋಡಿದರೆ ಬಾನುಬಿ ಹತ್ತು ಮಾರು ಹಿಂದೆ ಇದ್ದಳು. ಬಂದು ಗಲೀಫನ್ನು ಮನೆಯ ಕಟ್ಟೆಯ ಮೇಲಿಟ್ಟಳು.

"ಯಾಕ ಹಿಂದ ಉಳದಿ?"

"ನಿನ್ನ ಮಗ್ಗಲದಾಗ ನಡ್ಯಾಕ ನನಗ ಅಂಜಿಕಿ ಬಂತ ಸುಮಿತ್ರಕ್ಕ," ಎಂದು ಬಾನುಬಿ ಚಹಾಕ್ಕೂ ನಿಲ್ಲದೆ ಹೋದಳು.

ಮರುದಿನ ಇನ್ನೊಂದು ವಿಚಿತ್ರ ನಡೆಯಿತು. ಸುಮಿತ್ರವ್ವನ ಹೊಲಕ್ಕೆ ಬಂಡಿ ಹೋಗುವ ದಾರಿ ಗೋಣೆಪ್ಪನೆಂಬವನ ಹೊಲದ ಅಂಚಿನಲ್ಲಿತ್ತು. ಚನ್ನಬಸವಣ್ಣ ತೀರಿದ ತಿಂಗಳಲ್ಲೇ ಗೋಣೆಪ್ಪ ಅದಕ್ಕೆ ಜಾಲಿಮುಳ್ಳು ಹಚ್ಚಿದ್ದ. ಅವಳು ಎಷ್ಟು ಕೇಳಿಕೊಂಡರೂ "ನೋಡೂಣು" ಎನ್ನುತ್ತಿದ್ದ. ಈಗ ಯಾರೂ ಕೇಳದೆ ಮುಳ್ಳು ಮಾಯವಾಗಿತ್ತು. ದಾರಿಯನ್ನು ಗುಡಿಸಿದ ಹಾಗೆ ಸ್ವಚ್ಛ ಮಾಡಿದ್ದ.

ಸುಮಿತ್ರವ್ವನಿಗೆ ಖುಷಿಯಾಯಿತು. ಆ ಸಂಜೆಯೂ ಬಂದೂಕನ್ನು ಗಲೀಫಿಲ್ಲದೆ ಹೆಗಲಿಗೇರಿಸಿಯೇ ಹೊಲಕ್ಕೆ ಹೊರಟಳು. ಗೋಣೆಪ್ಪನ ಮನೆಯ ಮುಂದೆ ಅವನ ಸಣ್ಣ ಮಗಳು ಆಡುತ್ತಿದ್ದಳು. ದಿನಾ "ಅಜ್ಜೀ" ಎಂದು ಓಡಿ ಬಂದು ಜಡೆ ಹಾಕಿಸಿಕೊಳ್ಳುವ ಹುಡುಗಿ. ಅಂದು ಒಳಗಿನಿಂದ ತಾಯಿ ಓಡಿ ಬಂದು ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಬಾಗಿಲು ಹಾಕಿದಳು. ಅಗಳಿಯ ಸದ್ದು ಸುಮಿತ್ರವ್ವನಿಗೆ ಕೇಳಿಸಿತು.

ಅವಳು ಹೊಲಕ್ಕೆ ಹೋಗಲಿಲ್ಲ. ಮನೆಗೆ ಮರಳಿ, ಬಂದೂಕಿನಲ್ಲಿ ತೋಟಾ ಇಲ್ಲವೆಂದು ನೋಡಿ, ಗಲೀಫು ಹಾಕಿ, ಕಬ್ಬಿಣದ ಟ್ರಂಕಿನಲ್ಲಿಟ್ಟಳು. ಬರಿಗೈಯಲ್ಲಿ ಗೋಣೆಪ್ಪನ ಮನೆಗೆ ಬಂದು ಹೊರಗಿನಿಂದಲೇ ಕೂಗಿದಳು.

"ಗೋಣೆಪ್ಪ, ಮುಳ್ಳು ಯಾಕ ತಗದಿ?"

ಅವನು ಹೊಸ್ತಿಲಲ್ಲಿ ನಿಂತು ಕೈ ಹೊಸೆದ. "ತಪ್ಪಾತ್ರಿ ಯಕ್ಕಾ. ಮದ್ಲ ತಗೀಬೇಕಾಗಿತ್ತು."

"ಬಂದೂಕಿಗೆ ಅಂಜಿ ತಗದಿದ್ರ ಮತ್ತ ಹಚ್ಚು. ಹಾದಿ ನಂದು ಅನ್ನೂದು ನಿನಗ ಮನಸಿಗೆ ಬಂದ್ರ ಬಿಡು. ನಾ ಬ್ಯಾರೆ ಏನೂ ಕೇಳಾಕ ಬಂದಿಲ್ಲ."

ಗೋಣೆಪ್ಪ ಹೊಸ್ತಿಲು ಇಳಿದು ಬಂದ. "ಅಂಜಿ ತಗದಿದ್ದು ಖರೆ ಐತ್ರಿ," ಎಂದ. "ಈಗ ನೀವು ಹಿಂಗ ಬಂದು ಕೇಳೀರಿ. ಇರ್ಲಿ ಬಿಡ್ರಿ, ಹಾದಿ ಹಂಗ ಇರ್ಲಿ."

ಅಲ್ಲಿಂದ ಮುಂದೆ ಅವಳು ಬಂದೂಕನ್ನು ಗಲೀಫಿಲ್ಲದೆ ಹೊರಗೆ ತೆಗೆಯಲಿಲ್ಲ. ಹೊಲ ಮುಟ್ಟಿದ ಮೇಲೆ ಬಿಚ್ಚುವುದು, ಹೊತ್ತು ಮುಳುಗುವಾಗ ಗುಡ್ಡದ ಕಡೆಯ ಬರಿ ಬಯಲಿನ ಮೇಲೆ ಒಂದು ಬಾರು ಹಾರಿಸುವುದು, ಮತ್ತೆ ಹೊದಿಸಿಕೊಂಡು ಬರುವುದು. ಹಂದಿಗಳು ಹಿಂದೆ ಸರಿದವು. ಬಾನುಬಿ ಬುತ್ತಿ ಹಿಡಿದು ಬದುವಿಗೆ ಬರತೊಡಗಿದಳು, ಬಾರು ಹಾರುವಾಗ ಮಾತ್ರ ಕಿವಿ ಮುಚ್ಚಿಕೊಂಡು ಬೆನ್ನು ತಿರುಗಿಸುತ್ತಿದ್ದಳು. ಕಟ್ಟೆಯ ಗಂಡಸರು ಈಗ ಎದ್ದು ನಿಲ್ಲುತ್ತಿರಲಿಲ್ಲ. "ಬಂದೂಕಿನ ಮರ್ಯಾದಿ ಕಳದ್ಳು," ಎಂಬ ಮಾತು ಅವಳ ಕಿವಿಗೂ ಬಿತ್ತು.

ಮುಂದಿನ ವರ್ಷ ಸುಶ್ಮಿತಾಳ ಮದುವೆ ಗೊತ್ತಾಯಿತು. ಗಂಡು ಶಿರಹಟ್ಟಿಯವನು. ಸಂಗಪ್ಪ ಅತ್ತಿಗೆಯ ಮನೆಗೆ ಬಂದು ಮದುವೆಯ ಕೆಲಸಗಳನ್ನೆಲ್ಲ ಮಾತಾಡಿ, ಏಳುವ ಮುಂಚೆ ಹೇಳಿದ:

"ಅಗಸ್ಯಾಗ ಒಂದು ಬಾರು ಹಾರಸ್ಬೇಕು ಅತ್ತಿಗಿ. ಅಣ್ಣ ಊರಿನ ಮಕ್ಕಳ ಮದಿವ್ಯಾಗೆಲ್ಲಾ ಹಾರಿಸ್ಯಾನ. ಅವನ ಮನಿ ಮಗಳ ಮದಿವ್ಯಾಗ ಇಲ್ಲಂದ್ರ ಬೀಗರ ಮುಂದ ಏನ್ ಅನಸ್ತೈತಿ?"

"ಬ್ಯಾಡ ಸಂಗಪ್ಪ. ಮಂದ್ಯಾಗ ಬಂದೂಕು ಎತ್ತೂದು ಬ್ಯಾಡ. ಕಾಯ್ದಾನೂ ಇಲ್ಲ, ಚಲೋನೂ ಅಲ್ಲ."

"ನೀವು ಎತ್ತಬ್ಯಾಡ್ರಿ, ವೀರು ಹಾರಸ್ತಾನ."

"ವೀರೂಗೆ ಮದ್ಲ ಬ್ಯಾಡ."

ವೀರು ಅಲ್ಲೇ ಬಾಗಿಲಿಗೆ ಆತು ನಿಂತಿದ್ದ. "ದೊಡ್ಡಪ್ಪ ಇದ್ದಿದ್ರ ನನ್ನ ಕೈಯಾಗ ಕೊಡ್ತಿದ್ದ," ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲವೆಂದು ಸುಮಿತ್ರವ್ವನಿಗೆ ಗೊತ್ತಿತ್ತು. ದೊಡ್ಡಪ್ಪನನ್ನು ಅವನಷ್ಟು ಹಚ್ಚಿಕೊಂಡವರಿರಲಿಲ್ಲ. ಅವಳು ಅವನ ತಲೆ ಸವರಲು ಕೈ ಚಾಚಿದಳು, ಅವನು ಹೊರಟುಹೋದ.

ಮದುವೆಯ ದಿನ ಅವಳದೂ ಒಂದು ತಪ್ಪಾಯಿತು. ಬೀಗರಿಗೆ ಹಾಸಲು ಜಮಖಾನ ಸಾಲಲಿಲ್ಲ. "ನಮ್ಮ ಮನ್ಯಾಗ ಅಟ್ಟದ ಮ್ಯಾಲ ಅದಾವ, ತಗೊಂಬಾ," ಎಂದು ಸೆರಗಿನಲ್ಲಿದ್ದ ಕೀಲಿಯ ಗೊಂಚಲು ಬಿಚ್ಚಿ ವೀರುವಿನ ಕೈಗೆ ಕೊಟ್ಟಳು. ಟ್ರಂಕಿನ ಕೀಲಿಯೂ ಅದರಲ್ಲೇ ಇತ್ತು. ಕೆಲಸದ ಗಡಿಬಿಡಿಯಲ್ಲಿ ಅದು ಅವಳಿಗೆ ಹೊಳೆಯಲಿಲ್ಲ. ತೋಟಾಗಳ ಡಬ್ಬಿಯ ಕೀಲಿ ಅವಳ ಕೊರಳಲ್ಲಿತ್ತು, ನಿಜ. ಆದರೆ ವೀರುವಿನ ಹತ್ತಿರ ತನ್ನದೇ ಒಂದು ತೋಟಾ ಇತ್ತು. ಅವನು ಹೈಸ್ಕೂಲಿನಲ್ಲಿದ್ದಾಗ ದೊಡ್ಡಪ್ಪ ಪ್ರೀತಿಯಿಂದ ಕೊಟ್ಟಿದ್ದನ್ನು ಅಷ್ಟು ವರ್ಷ ಬಟ್ಟೆಯ ನಡುವೆ ಬಚ್ಚಿಟ್ಟಿದ್ದ.

ಅಕ್ಕಿಕಾಳು ಬಿದ್ದು, ಊಟ ಮುಗಿದು, ಇಳಿಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ಹಲಗಿ, ಬ್ಯಾಂಡು. ನಡುವೆ ಹೂವಿನಿಂದ ಮುಚ್ಚಿದ ತೆರೆದ ಜೀಪಿನಲ್ಲಿ ಗಂಡುಹೆಣ್ಣು. ಪಕ್ಕದಲ್ಲಿ ಆರತಿ ಹಿಡಿದ ಹೆಂಗಸರು. ಜೀಪು ಅಗಸಿಗೆ ಬಂದಾಗ ವಾದ್ಯ ಫಕ್ಕನೆ ನಿಂತಿತು. ಸುಮಿತ್ರವ್ವ ತಲೆ ಎತ್ತಿದಳು. ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ವೀರು ನಿಂತಿದ್ದ, ದೊಡ್ಡಪ್ಪನ ರುಮಾಲು ಸುತ್ತಿಕೊಂಡು. ಕೈಯಲ್ಲಿ ಬಂದೂಕು.

"ಹೋ!" ಎಂದು ಜನ ಕೂಗಿದರು. ವೀರು ನಳಿಗೆ ಎತ್ತಿ ಟ್ರಿಗರ್ ಎಳೆದ. ಟಕ್ ಎಂದಿತು, ಅಷ್ಟೇ.

ನಗೆ ಎದ್ದಿತು. "ಮಂತ್ರ ಹೇಳಲೇ ವೀರೂ!" "ಗಲೀಫು ಹಾಕಿ ಹಾಕಿ ನೆಗಡಿ ಆಗೇತಿ ಅದಕ್ಕ!"

ವೀರುವಿನ ಮುಖ ಕೆಂಪಾಯಿತು. ಏನಾಯಿತೆಂದು ನೋಡಲು ಅವನು ಬಂದೂಕನ್ನು ಕೆಳಗಿಳಿಸಿದ, ಹೆಬ್ಬೆರಳಿನಿಂದ ಅದರ ತೋಟಾಕ್ಕೆ ಬಡಿಯುವ ಕೀಲನ್ನು ಮತ್ತೆ ಹಿಂದಕ್ಕೆಳೆದ. ಬೆರಳು ಟ್ರಿಗರಿನ ಮೇಲೆಯೇ ಇತ್ತು. ನಳಿಗೆ ಅಡ್ಡಕ್ಕೆ ತಿರುಗಿ ಜೀಪಿನತ್ತ ಮುಖ ಮಾಡಿತು. ಹಾರದ ತೋಟಾ ಸತ್ತ ತೋಟಾ ಅಲ್ಲವೆಂಬುದು ಆ ಗುಂಪಿನಲ್ಲಿ ಶಿಬಿರದಲ್ಲಿ ಕಲಿತಿದ್ದ ಸುಮಿತ್ರವ್ವನಿಗೊಬ್ಬಳಿಗೇ ಗೊತ್ತಿತ್ತು. ಆರತಿಯ ತಟ್ಟೆ ಎಲ್ಲಿ ಬಿತ್ತೋ, ಅವಳು ಕಟ್ಟೆಗೆ ಹಾರಿ ಎರಡೂ ಕೈಯಿಂದ ನಳಿಗೆಯನ್ನು ಮೇಲಕ್ಕೆ ನೂಕಿದಳು. ಬೆಚ್ಚಿದ ವೀರುವಿನ ಬೆರಳು ಬಿಗಿಯಿತು.

ಢಂ!

ಬೇವಿನ ಟೊಂಗೆಯೊಂದು ಮುರಿದು ಜೀಪಿನ ಮೇಲೆ ಬಿತ್ತು. ಮದುಮಕ್ಕಳ ತಲೆಯ ಮೇಲೆ ಎಲೆ ಉದುರಿದವು. ಸುಮಿತ್ರವ್ವನ ಕಿವಿ ಗುಂಯ್ ಎಂದು ಕಿವುಡಾಯಿತು. ಹಿಂದಿದ್ದವರಿಗೆ ಏನೂ ಕಂಡಿರಲಿಲ್ಲ. ಅವರು ಸಿಳ್ಳೆ ಹಾಕಿ ಕುಣಿದರು. ಹಲಗಿ ಮತ್ತೆ ಜೋರಾಯಿತು. ಶಿರಹಟ್ಟಿಯ ಮದುಮಗ ತನ್ನ ಗೌರವಕ್ಕೇ ಹಾರಿತೆಂದು ನಗುತ್ತ ಕೈಮುಗಿದ. ಅವನ ಪಕ್ಕದಲ್ಲಿ ಸುಶ್ಮಿತಾ ಮಾತ್ರ ನಗಲಿಲ್ಲ. ಅವಳು ಅಣ್ಣನನ್ನೇ ನೋಡುತ್ತಿದ್ದಳು.

ಸುಮಿತ್ರವ್ವ ಅವನ ಕೈಯಿಂದ ಬಂದೂಕು ಕಸಿದು, ನಳಿಗೆ ಬಗ್ಗಿಸಿ ತೋಟಾದ ಬಿಸಿ ಖಾಲಿ ಕೊಳವೆಯನ್ನು ತೆಗೆದು, ಬಂದೂಕನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ನಡೆದಳು. ಬಾಗಿಲಲ್ಲೇ ಕುಳಿತಳು. ಬಾನುಬಿ ಓಡೋಡಿ ಬಂದು ನೀರು ಕುಡಿಸಿ, ಮಗ್ಗುಲಲ್ಲಿ ಕುಳಿತಳು.

ಸಂಜೆಗೆ ಸಂಗಪ್ಪ ಬಂದ. "ಯಾರಿಗೂ ಏನೂ ಆಗಿಲ್ಲಲ್ಲ ಅತ್ತಿಗಿ. ಮಂದಿನೂ ಖುಷಿ ಆಗ್ಯಾರ. ಇಲ್ಲಿಗೆ ಬಿಟ್ಟುಬಿಡ್ರಿ."

"ನಾ ನಾಳೆ ಠಾಣೆಗೆ ಹೋಗ್ತೀನಿ. ಬಂದೂಕು ನನ್ನ ಹೆಸರಿಲೆ ಐತಿ. ಕೀಲಿ ಕೊಟ್ಟಾಕಿ ನಾನು."

"ಹುಡುಗನ ಜೀವನಾ ಹಾಳಾಗ್ತೈತಿ! ನಿಮ್ಮ ಕೈಯಾಗ ಆಡಿ ಬೆಳದಾಂವ."

ಹುಡುಗನನ್ನು ಉಳಿಸಬೇಕು, ಸುಳ್ಳನ್ನೂ ಹೇಳಬಾರದು. ಎರಡೂ ಕೂಡಿ ಆಗುವ ಹಾದಿ ಅವಳಿಗೆ ಕಾಣಲಿಲ್ಲ.

ಬೆಳಗ್ಗೆ ಸುಶ್ಮಿತಾ ಶಿರಹಟ್ಟಿಗೆ ಹೊರಡುವ ಮುಂಚೆ ದೊಡ್ಡವ್ವನ ಕಾಲು ಮುಟ್ಟಲು ಬಂದಳು, ಅಣ್ಣನ ಕೈ ಹಿಡಿದುಕೊಂಡೇ ಬಂದಳು. ವೀರು ತಲೆ ತಗ್ಗಿಸಿದ್ದ.

"ಅಣ್ಣಾ, ನಿನಗೊಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ," ಎಂದಳು ಸುಶ್ಮಿತಾ. "ನಿನ್ನೆ ನಳಿಗಿ ನನ್ನ ಮಾರಿಗಿತ್ತು. ನೀ ಬಂದೂಕು ನೋಡಾಕತ್ತಿದ್ದಿ, ನನ್ನ ನೋಡಲಿಲ್ಲ. ನಾ ಅದರ ಬಾಯಿ ನೋಡಿದೆ. ಈಗೂ ಕಣ್ಣು ಮುಚ್ಚಿದ್ರ ಅದ ಕಾಣ್ತೈತಿ."

ವೀರು ಅವಳ ಮುಖ ನೋಡಿದ. ಅವಳ ಹಣೆಯ ಮೇಲೆ ಇನ್ನೂ ನಿನ್ನೆಯ ಅರಿಸಿನವಿತ್ತು. ಅವನು ಅಲ್ಲೇ ಹೊಸ್ತಿಲಲ್ಲಿ ಕುಸಿದು ಕುಳಿತು ಸಣ್ಣ ಹುಡುಗನ ಹಾಗೆ ಅತ್ತ. ತಂಗಿ ಅವನ ತಲೆಯ ಮೇಲೆ ಕೈಯಿಟ್ಟು ನಿಂತಳು, ಬೀಗರ ಗಾಡಿ ಹಾರ್ನ್ ಹೊಡೆಯುವ ತನಕ.

ಗಾಡಿ ಅಗಸಿ ದಾಟಿದ ಮೇಲೆ ಅವನು ಮುಖ ತೊಳೆದುಕೊಂಡು ಬಂದ. "ದೊಡ್ಡವ್ವ, ನೀ ಒಬ್ಬಾಕಿ ಹೋಗಬ್ಯಾಡ. ಹೋಗೂಣು ನಡಿ."

ಸಂಗಪ್ಪ ಬೇಡವೆಂದ, ಬೈದ, ಕೊನೆಗೆ ತಾನೂ ಬೈಕ್ ತೆಗೆದುಕೊಂಡು ಹಿಂದೆ ಬಂದ. ಮುಂಡರಗಿಯಲ್ಲಿ ವೀರು ನಡೆದದ್ದನ್ನು ನಡೆದಂತೆ ಹೇಳಿದ. ಕೀಲಿ ಕೊಟ್ಟದ್ದನ್ನು ಸುಮಿತ್ರವ್ವ ಹೇಳಿದಳು. ಕೇಸಾಯಿತು. ಬಂದೂಕು ಠಾಣೆಯಲ್ಲಿ ಉಳಿಯಿತು, ಲೈಸೆನ್ಸು ಅಮಾನತಾಯಿತು. ವೀರು ಬಹಳ ಕಾಲ ಕೋರ್ಟಿಗೆ ಅಲೆದ. ತಪ್ಪು ಒಪ್ಪಿಕೊಂಡದ್ದರಿಂದ, ಯಾರಿಗೂ ಗಾಯವಾಗಿಲ್ಲದ್ದರಿಂದ ಕೊನೆಗೆ ದಂಡ, ಎಚ್ಚರಿಕೆಯಲ್ಲಿ ಮುಗಿಯಿತು.

ಊರು ಎರಡು ಮಾತಾಡಿತು. "ಮನಿ ಹುಡುಗನ್ನ ಠಾಣೆ ಮೆಟ್ಲ ಹತ್ತಿಸಿದ್ಳು, ಊರಿಗಿದ್ದ ಒಂದು ಬಂದೂಕೂ ಕಳದ್ಳು," ಎಂದವರಿದ್ದರು. ಆದರೆ ಗೋಣೆಪ್ಪನ ಹೆಂಡತಿ ಮಗಳನ್ನು ಮುಂದೆ ಮಾಡಿಕೊಂಡು ಎಣ್ಣೆಯ ಬಟ್ಟಲು, ಬಾಚಣಿಗೆ ಹಿಡಿದು ಬಂದು, "ಇವತ್ತು ಸಾಲಿಗೆ ಎರಡು ಜಡಿ ಬೇಕಂತ್ರಿ ಅಜ್ಜಿ ಕಡೆಯಿಂದ" ಎಂದಳು. ಆ ವರ್ಷ ಹಂದಿ ಗೋವಿನಜೋಳದ ಎರಡು ಮೂಲೆ ತಿಂದವು. ವೀರು, ಗೋಣೆಪ್ಪ, ಬಾನುಬಿಯ ಗಂಡ ಕೂಡಿ ಗುಡ್ಡದ ಬದಿಗೆ ತಂತಿಬೇಲಿ ಹಾಕಿದರು. ಸರತಿಯಂತೆ ಸಂಜೆ ಡಬ್ಬಿ ಬಡಿದರು. ಒಂದಿಷ್ಟು ಉಳಿಯಿತು, ಒಂದಿಷ್ಟು ಹೋಯಿತು.

ಕೇಸು ಮುಗಿದ ವರ್ಷ ಗದಗದಲ್ಲಿ ಮತ್ತೆ ಶಿಬಿರ ಶುರುವಾಗುವುದಿತ್ತು. ಕೇಸಿನ ಸುದ್ದಿ ತಿಳಿದಿದ್ದ ಅಝೀಮ ಸುಮಿತ್ರವ್ವನಿಗೆ ಫೋನು ಮಾಡಿದ. "ಅಕ್ಕಾರ, ಹುಡುಗ ಒಪ್ಪಿದ್ರ ಮೊದಲ ದಿನ ಬಂದು ನಾಕು ಮಾತು ಹೇಳ್ಲಿ. ನಾ ಹೇಳಿದ್ರ ಪಾಠ ಆಗ್ತೈತಿ. ಒತ್ತಾಯ ಇಲ್ಲ."

ವೀರು ಎರಡು ದಿನ ಒಲ್ಲೆನೆಂದ. ಮೂರನೆಯ ದಿನ ಅವನೇ ಬಂದು, "ಬಸ್ಸು ಎಷ್ಟಕ್ಕೈತಿ?" ಎಂದು ಕೇಳಿದ. ಬಾನುಬಿಯೂ ಹೊರಟಳು.

ಮೈದಾನದ ಚಪ್ಪರದಡಿ ಕಲಿಯಲು ಬಂದವರು ಕುಳಿತಿದ್ದರು. ಅರ್ಧದಷ್ಟು ಮಂದಿ ವೀರುವಿನ ವಯಸ್ಸಿನವರು. ಅವನು ಎದ್ದು ಮುಂದೆ ಬಂದು ನಿಂತ. ಮೊದಲು ವಿಡಿಯೊದ ವಿಷಯ ಹೇಳಿದ, ಆಮೇಲೆ ಬಚ್ಚಿಟ್ಟ ತೋಟಾ, ಜಮಖಾನ ತರಲು ಹೋದದ್ದು, ಟಕ್ ಎಂದದ್ದು, ಜನ ನಕ್ಕದ್ದು. "ಮಂದಿ ನಕ್ಕಿದ್ದೇ ನನಗ ದೊಡ್ಡದಾಗಿತ್ತು," ಎಂದ. "ತಂಗಿ ಎದುರಿಗೆ ಕುಂತಿದ್ಳು, ಕಾಣಲಿಲ್ಲ." ಇಷ್ಟು ಹೇಳಿ ಕುಳಿತುಬಿಟ್ಟ.

ಮುಂದಿನ ಸಾಲಿನ ಹುಡುಗನೊಬ್ಬ ಹಿಂದಕ್ಕೆ ತಿರುಗಿ ಸುಮಿತ್ರವ್ವನನ್ನು ಕೇಳಿದ: "ಅಜ್ಜೀ, ಹಂಗಾರ ಬಂದೂಕು ಬೇಕೋ ಬ್ಯಾಡೋ? ನೀವು ಏನಂತೀರಿ?"

"ಹೊಲ್ದಾಗ ನಿಂತಾಗ ಬೇಕು ಅನಸ್ತೈತಿ ತಮ್ಮಾ," ಎಂದಳು. "ಓಣ್ಯಾಗ ನಡದಾಗ ಬ್ಯಾಡ ಅನಸ್ತೈತಿ. ಎರಡೂ ಖರೇನ. ನನಗ ಇನ್ನೂ ಬಗಿಹರಿದಿಲ್ಲ."

"ನನಗ ಬಗಿಹರದೈತಿ," ಎಂದಳು ಬಾನುಬಿ ಥಟ್ಟನೆ. ಎಲ್ಲರೂ ನಕ್ಕರು. ವೀರು ಕೂಡ ಕಣ್ಣೊರೆಸಿಕೊಂಡು ನಕ್ಕ. ಅಝೀಮ ಚಹಾ ತರಿಸಿದ. ಕುಡಿದು ಮೂವರೂ ಹೊರಗೆ ಬಂದಾಗ ಬಿಸಿಲು ಏರಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ವೀರು ಬದನೇಕಾಯಿ ಬಜಿ ಕಟ್ಟಿಸಿದ, ಒಂದು ಪೊಟ್ಟಣ ತಂಗಿಗೆಂದು ಬೇರೆ. ಅವಳು ಅಂದು ಶಿರಹಟ್ಟಿಯಿಂದ ತವರಿಗೆ ಬರುವವಳಿದ್ದಳು.